ಕಿರುಬೆರಳಿಗೆ ಬಿಡುವಿಲ್ಲ

ನಾವು ಶಾಲೆಯಲ್ಲಿ ಮಗ್ಗಿಗಿಂತ ಮೊದಲು ಕಲಿತದ್ದು ಕಿರುಬೆರಳು ಎತ್ತುವುದನ್ನು. ಮೇಷ್ಟ್ರು ಎಷ್ಟೇ ಸಿಡುಕರಿರಲಿ, 'ಸಾ, ಒಂದಕ್ಕೆ' ಅಂದರೆ ಬೆತ್ತ ಬಾಗಿಲ ಕಡೆಗೆ ತಿರುಗುತ್ತಿತ್ತು.

ಅಮೆರಿಕದ ಕೋಳಿ ಕಾರ್ಖಾನೆಗಳಲ್ಲಿ ಈ ವಿದ್ಯೆಗೆ ಬೆಲೆಯಿಲ್ಲ. ಅಲ್ಲಿನ ಕಾರ್ಮಿಕರನ್ನು ಮಾತಾಡಿಸಿ ಆಕ್ಸ್‌ಫ್ಯಾಮ್ ಅಮೆರಿಕ 2016ರಲ್ಲಿ ಒಂದು ವರದಿ ತಂದಿತು. ಒಂದಕ್ಕೆ ಹೋಗಲು ಬಿಡುವುದಿಲ್ಲವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದವರು, ಡೈಪರ್ ಕಟ್ಟಿಕೊಂಡು ಕೆಲಸಕ್ಕೆ ಬರುವವರು ಅದರಲ್ಲಿದ್ದರು. ವರದಿ ಹೆಸರಿಸಿದ ನಾಲ್ಕು ದೊಡ್ಡ ಕಂಪನಿಗಳಲ್ಲಿ ಹಿರಿಯಣ್ಣ ಟೈಸನ್ ಫುಡ್ಸ್. ಇಂಥದ್ದನ್ನು ನಾವು ಸಹಿಸುವುದಿಲ್ಲ ಎಂದಿತು ಕಂಪನಿ. ಪಾಪ, ಸಹಿಸುತ್ತಿದ್ದವರು ಕಾರ್ಮಿಕರು.

ಕಂಪನಿಯ ಕಷ್ಟವನ್ನೂ ನೋಡಬೇಕು. 2014ರ ಹೊಸ ತಪಾಸಣಾ ಪದ್ಧತಿಯಲ್ಲಿ, ಕೋಳಿಗಳು ಸಾಗುವ ಒಂದು ಸಾಲಿಗೆ ಸರ್ಕಾರ ಹಾಕಿದ ಮಿತಿ ನಿಮಿಷಕ್ಕೆ 140 ಕೋಳಿ. ಹತ್ತು ನಿಮಿಷ ಸಾಲು ನಿಂತರೆ 1,400 ಕೋಳಿಗಳ ಲೆಕ್ಕ ತಪ್ಪುತ್ತದೆ. ಸತ್ತ ಕೋಳಿಯನ್ನು ಕಾಯಿಸಬಾರದು. ಬದುಕಿರುವ ಮನುಷ್ಯ ಕಾಯಬಹುದು.

ಹಾಗೆಂದು ಕಂಪನಿಗೆ ಕರುಣೆ ಇಲ್ಲ ಅನ್ನಬೇಡಿ. ದೇವರನ್ನು ಗೌರವಿಸುತ್ತೇವೆ ಎಂದು ತನ್ನ ಮೂಲ ಮೌಲ್ಯಗಳಲ್ಲೇ ಬರೆದುಕೊಂಡ ಸಂಸ್ಥೆ ಇದು. 2000ದಿಂದೀಚೆಗೆ ಕಾರ್ಖಾನೆಗಳಲ್ಲಿ ಕಾರ್ಮಿಕರ ಕಷ್ಟ ಕೇಳಲೆಂದೇ ಪಾದ್ರಿಗಳನ್ನು ಇಟ್ಟಿದೆ. ಅವರ ಸಂಖ್ಯೆ ನೂರರ ಆಸುಪಾಸು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ನಮ್ಮ ಗಾದೆ. ಇಲ್ಲಿ ಪೂಜಾರಿಯನ್ನೇ ಕೊಟ್ಟಿದ್ದಾರೆ, ಕೊಡದೇ ಇರುವುದು ಪಾಯಿಖಾನೆಗೆ ಹೋಗುವ ಹತ್ತು ನಿಮಿಷ.

ಹೊರಗಿನವರ ಜೊತೆ ಮಾತ್ರ ಕಂಪನಿಯ ಕೈ ಬಹಳ ಧಾರಾಳ. ಕೋಳಿ ಕಾರ್ಖಾನೆಗಳ ತಪಾಸಣೆ ಕೃಷಿ ಇಲಾಖೆಯ ಕೆಲಸ. ಆ ಇಲಾಖೆಯ ಕಾರ್ಯದರ್ಶಿ, ಅಂದರೆ ನಮ್ಮ ಲೆಕ್ಕದಲ್ಲಿ ಮಂತ್ರಿ, ಆಗಿದ್ದ ಮೈಕ್ ಎಸ್ಪಿ ಅವರಿಗೆ ಸುಮಾರು 12,000 ಡಾಲರ್‌ನ ಅಕ್ರಮ ಉಡುಗೊರೆ ಕೊಟ್ಟೆನೆಂದು ಕಂಪನಿ 1997ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡು, 60 ಲಕ್ಷ ಡಾಲರ್ ಕಟ್ಟಿತು. ಮರುವರ್ಷ ಎಸ್ಪಿ ಎಲ್ಲ ಆರೋಪಗಳಿಂದ ಖುಲಾಸೆಯಾದರು. ಕೊಟ್ಟವರು ತಪ್ಪಿತಸ್ಥರು, ತೆಗೆದುಕೊಂಡವರು ನಿರ್ದೋಷಿ. ದಾನದ ಮಹಿಮೆ ದೊಡ್ಡದು.

ಆಮೇಲೆ ಕೊರೋನಾ ಬಂತು. ಅಯೋವಾದ ವಾಟರ್‌ಲೂನಲ್ಲಿ ಟೈಸನ್ನಿನ ಹಂದಿಮಾಂಸದ ಕಾರ್ಖಾನೆಯಿದೆ. ಅಲ್ಲಿನ ಸುಮಾರು 2,800 ಕೆಲಸಗಾರರಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿತು, ಕೆಲವರು ಸತ್ತರು. 2020ರ ಏಪ್ರಿಲ್ 26ರಂದು ಕಂಪನಿಯ ಅಧ್ಯಕ್ಷರು ದೊಡ್ಡ ಪತ್ರಿಕೆಗಳಲ್ಲಿ ಪುಟತುಂಬ ಜಾಹೀರಾತು ಕೊಟ್ಟು, ಆಹಾರ ಪೂರೈಕೆಯ ಸರಪಳಿ ಕಡಿದುಬೀಳುತ್ತಿದೆ ಎಂದು ಅಲವತ್ತುಕೊಂಡರು. ಏಪ್ರಿಲ್ 28ಕ್ಕೆ ರಾಷ್ಟ್ರಾಧ್ಯಕ್ಷ ಟ್ರಂಪ್ ಮಾಂಸದ ಕಾರ್ಖಾನೆಗಳು ನಡೆಯುತ್ತಲೇ ಇರಬೇಕೆಂಬ ಆದೇಶಕ್ಕೆ ಸಹಿ ಹಾಕಿದರು. ಆ ಆದೇಶದ ಮೊದಲ ಕರಡನ್ನು ಬರೆದದ್ದು ಟೈಸನ್ನಿನ ಕಾನೂನು ವಿಭಾಗವೇ ಎಂದು 2022ರಲ್ಲಿ ಸಂಸತ್ತಿನ ಉಪಸಮಿತಿ ಹೊರಗೆಡವಿತು. ಅರ್ಜಿಯೂ ತಮ್ಮದೇ, ಅಪ್ಪಣೆಯ ಒಕ್ಕಣೆಯೂ ತಮ್ಮದೇ.

ಅದೇ ವಾಟರ್‌ಲೂನಲ್ಲಿ, ಎಷ್ಟು ಜನರಿಗೆ ಸೋಂಕು ತಗಲೀತು ಎಂದು ಮ್ಯಾನೇಜರುಗಳು ದುಡ್ಡು ಹಾಕಿ ಬಾಜಿ ಕಟ್ಟಿದ್ದರು ಎಂಬ ಆರೋಪ, ಸತ್ತ ಕಾರ್ಮಿಕರೊಬ್ಬರ ಮನೆಯವರು ಹೂಡಿದ ಮೊಕದ್ದಮೆಯಲ್ಲಿ ಬಯಲಾಯಿತು. ಕಂಪನಿ ಹೊರಗಿನವರಿಂದ ತನಿಖೆ ಮಾಡಿಸಿ, 2020ರ ಡಿಸೆಂಬರಿನಲ್ಲಿ ಏಳು ಮಂದಿಯನ್ನು ಮನೆಗೆ ಕಳಿಸಿತು. ಹಾಗೆ ಹೋದ ಒಬ್ಬರು, ಅದೆಲ್ಲ ಹುರುಪು ತುಂಬಲು ಮಾಡಿದ ಮೋಜು ಎಂದು ವಿವರಿಸಿದರು. ಯಾರ ಹುರುಪು ಎಂದು ಕೇಳುವುದು ಸಭ್ಯತೆಯಲ್ಲ.

ಇಷ್ಟಾದ ಮೇಲೆ ಒಂದು ವಿಷಯ ಸ್ಪಷ್ಟ. ಎತ್ತಿದ ಬೆರಳು ಯಾರದು ಎಂದು ನೋಡಿಯೇ ಆ ದೇಶ ಅಪ್ಪಣೆ ಕೊಡುತ್ತದೆ. ಕಂಪನಿ ಬೆರಳೆತ್ತಿದರೆ ಎರಡು ದಿನದಲ್ಲಿ ರಾಷ್ಟ್ರಾಧ್ಯಕ್ಷರ ಸಹಿ ಬೀಳುತ್ತದೆ. ಸಾಲಿನಲ್ಲಿ ನಿಂತವಳು ಕಿರುಬೆರಳು ಎತ್ತಿದರೆ ಮೇಲ್ವಿಚಾರಕ ಗಡಿಯಾರ ನೋಡುತ್ತಾನೆ. ಬೇಕಿದ್ದರೆ ಅವಳು ಪಾದ್ರಿಯ ಹತ್ತಿರ ಹೇಳಿಕೊಳ್ಳಬಹುದು. ಮನಸ್ಸು ಹಗುರಾಗುತ್ತದೆ. ಹೊಟ್ಟೆಯ ಕೆಳಗಿನ ಭಾರ ಹಾಗೇ ಇರುತ್ತದೆ.