ಇಂಟರ್‌ವ್ಯೂ ಮಾವನ ಕೋಟು

ನಮ್ಮ ಬೀದಿಯಲ್ಲಿ ಯಾರ ಮನೆಗೆ ಇಂಟರ್‌ವ್ಯೂ ಕಾಗದ ಬಂದರೂ ಅದನ್ನು ಮೊದಲು ದೇವರ ಮುಂದೆ ಇಡುತ್ತಾರೆ, ಆಮೇಲೆ ಇಂಟರ್‌ವ್ಯೂ ಮಾವನ ಮುಂದೆ. ದೇವರು ಸುಮ್ಮನಿರುತ್ತಾನೆ. ಮಾವ ಸುಮ್ಮನಿರುವ ಜಾತಿಯಲ್ಲ.

"ಎಲ್ಲಿ, ನಿಂತ್ಕೊ" ಎನ್ನುತ್ತಾರೆ. ಹುಡುಗ ನಿಲ್ಲುತ್ತಾನೆ. ಮಾವ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಕಾಲಿನಿಂದ ತಪಾಸಣೆ ಶುರು ಮಾಡುತ್ತಾರೆ. ಮುಖದವರೆಗೆ ಬರಲು ಅರ್ಧ ಗಂಟೆ ಬೇಕು. "ಮುಖ ಹುಟ್ಟುವಾಗ ಬಂದದ್ದು ಕಣೋ, ಅದಕ್ಕೆ ನೀನು ಜವಾಬ್ದಾರನಲ್ಲ. ಬೂಟಿನ ಧೂಳು ನಿನ್ನೆ ಬಂದದ್ದು. ಅದಕ್ಕೆ ನೀನೇ ಜವಾಬ್ದಾರ."

ಅವರು ನನಗೆ ಸ್ವಂತ ಸೋದರಮಾವ, ಬೀದಿಗೆಲ್ಲ ಬಿಟ್ಟಿ ಮಾವ. ಮೂವತ್ತೆರಡು ವರ್ಷ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದವರು. "ನಾನು ಸಾವಿರಾರು ಇಂಟರ್‌ವ್ಯೂ ನೋಡಿದೀನಿ" ಅನ್ನುವುದು ಅವರ ಪಲ್ಲವಿ. ಅದು ಸುಳ್ಳಲ್ಲ. ಆದರೆ ನೋಡಿದ್ದೆಲ್ಲ ಬಾಗಿಲ ಹೊರಗಿನಿಂದ. ಪಟ್ಟಿ ಹಿಡಿದು ಹೆಸರು ಕೂಗುವುದು, ಸರ್ಟಿಫಿಕೇಟಿನ ಮೂಲಪ್ರತಿ ಪರಿಶೀಲಿಸುವುದು, ಬೆಲ್ ಹೊಡೆದಾಗ ಮುಂದಿನವನನ್ನು ಒಳಗೆ ಬಿಡುವುದು, ಇಷ್ಟು ಅವರ ಕೆಲಸ. ಒಳಗೆ ಸಾಹೇಬರು ಏನು ಕೇಳಿದರು, ಇವನು ಏನು ತೊದಲಿದ, ಒಂದು ದಿನವೂ ಕಿವಿಗೆ ಬಿದ್ದಿಲ್ಲ. ಹಾಗಾಗಿ ವಿದ್ಯೆಯ ವಿಚಾರ ಎತ್ತಿದರೆ ಮಾವ ಕೈಮುಗಿದು ಬಿಡುತ್ತಾರೆ. ಬೆಂಚಿನ ಮೇಲೆ ಕಾಣುವ ಸಂಗತಿಗಳಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ.

ಅವರ ಕಾನೂನುಗಳು ಸಣ್ಣವು, ಆದರೆ ಅಪೀಲಿಲ್ಲದವು. ಬೆಲ್ಟು ಮತ್ತು ಬೂಟು ಒಂದೇ ಬಣ್ಣದ್ದಿರಬೇಕು, ಅಣ್ಣತಮ್ಮಂದಿರ ಹಾಗೆ. ಶರಟು ತಿಳಿಬಣ್ಣದ್ದು, ಗಿಳಿಹಸಿರು, ಚಕ್ಕುಳಿ ಡಿಸೈನು ಎಲ್ಲ ಆರತಕ್ಷತೆಗೆ. ಎಣ್ಣೆ ತಲೆಗೆ ಹಚ್ಚಬೇಕು, ಅದು ಹಣೆಗೆ ಇಳಿಯಬಾರದು. ಪೌಡರು ಹಾಕುವುದಾದರೆ ಕಿವಿಯ ಹಿಂದಕ್ಕೂ ಹಾಕು, ಇಲ್ಲವೇ ಹಾಕಲೇಬೇಡ. ಮುಖ ಒಬ್ಬನದು ಕತ್ತು ಇನ್ನೊಬ್ಬನದು ಅನ್ನಿಸಬಾರದು. ಜೇಬಿನ ಪೆನ್ನಿನದಂತೂ ದೊಡ್ಡ ಶಾಸ್ತ್ರ: "ಮೂರಿದ್ರೆ ಗುಮಾಸ್ತ, ಎರಡಿದ್ರೆ ಮೇಷ್ಟ್ರು, ಒಂದಿದ್ರೆ ಆಫೀಸರು, ಒಂದೂ ಇಲ್ದಿದ್ರೆ ಜೈಲಿಂದ ಬಂದವನು." ಪ್ರಶ್ನಿಸಿದರೆ ಗೋಡೆಯ ಮೇಲಿನ ವಿಶ್ವೇಶ್ವರಯ್ಯನವರ ಫೋಟೊ ತೋರಿಸುತ್ತಾರೆ. ಪೇಟ, ಕೋಟು, ಟೈ. "ಕನ್ನಂಬಾಡಿ ಕಟ್ಟಿದವರೇ ಹೀಗಿದ್ರು. ನೀನೇನು ಕಟ್ಟಿದೀಯ? ಶೂ ಲೇಸೂ ನೆಟ್ಟಗೆ ಕಟ್ಟಿಲ್ಲ."

ಬೀರುವಿನಲ್ಲಿ ಒಂದು ಕೋಟಿದೆ. ಕಡುನೀಲಿ. ಮಾವನ ಮದುವೆಗೆಂದು 1986ರಲ್ಲಿ ಹೊಲಿಸಿದ್ದು. ಮಾವನ ಹೊಟ್ಟೆ ಅದನ್ನು ಮೂರೇ ವರ್ಷದಲ್ಲಿ ತೊರೆಯಿತು. ಅಂದಿನಿಂದ ಅದು ಬೀದಿಯ ಸಾರ್ವಜನಿಕ ಆಸ್ತಿ. ನುಸಿಗುಳಿಗೆಯ ವಾಸನೆ ಕೋಟಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತದೆ. ಕುಳ್ಳರಿಗೆ ತೋಳಿನ ತುದಿ ಒಳಗೆ ಮಡಚಿ ಪಿನ್ನು, ಲಂಬೂಗಳಿಗೆ ಕೈ ಬಗ್ಗಿಸಿಕೊಂಡೇ ಇರಬೇಕೆಂಬ ಕಟ್ಟಪ್ಪಣೆ. "ಇದನ್ನ ಹಾಕ್ಕೊಂಡು ಹೋದ ಹನ್ನೊಂದು ಜನಕ್ಕೆ ಕೆಲಸ ಸಿಕ್ಕಿದೆ" ಎಂದು ಮಾವ ಹೇಳುತ್ತಾರೆ. ಹಾಕಿಕೊಂಡು ಹೋದವರೆಷ್ಟು ಎಂದು ಕೇಳಿದರೆ ಕಾಫಿ ಬಂತಾ ನೋಡು ಅನ್ನುತ್ತಾರೆ.

ನನ್ನ ಸರದಿ ಬಂದಾಗ ಅದರ ಒಳಜೇಬಿಗೆ ಕೈ ಹಾಕಿದ್ದೆ. ಯಾರದೋ ತಾಯಿ ಮಡಚಿಟ್ಟ ಕುಂಕುಮದ ಪೊಟ್ಟಣ, ಮೆಜೆಸ್ಟಿಕ್ಕಿನ ಹಳೆಯ ಬಸ್ ಟಿಕೇಟು, ಅರ್ಧ ಉಳಿದ ಪೆಪ್ಪರ್‌ಮೆಂಟು, ಒಂದು ಚೀಟಿ. ಚೀಟಿಯಲ್ಲಿ ಪುಟ್ಟ ಅಕ್ಷರಗಳಲ್ಲಿ ಹನ್ನೆರಡು ರಾಷ್ಟ್ರಪತಿಗಳ ಹೆಸರು. ಕೊನೆಯ ಎರಡು ಹೆಸರು ಬೆವರಿಗೆ ಕಲಸಿಹೋಗಿದ್ದವು. ಪಾಪ, ಅವನಿಗೆ ಯಾವುದನ್ನು ಕೇಳಿದರೋ.

ಕೋಟಿಗೆ ಅವಮಾನವಾದದ್ದು ಚಿಕ್ಕಮ್ಮನ ಮಗನಿಂದ. ಅವನಿಗೆ ಕರೆ ಬಂದದ್ದು ರಿಂಗ್ ರೋಡಿನ ಒಂದು ಹೊಸ ಕಂಪನಿಯಿಂದ. ಸಿಲ್ಕ್ ಬೋರ್ಡಿನಲ್ಲಿ 500-ಡಿ ಬಸ್ಸು ಹತ್ತಿ, ಇಸ್ತ್ರಿಯ ಗೆರೆ ಉಳಿಸಿಕೊಳ್ಳಲು ಸೀಟಿದ್ದರೂ ಕೂರದೆ, ಸಂಪಿಗೆ ಮರದ ಹಾಗೆ ನೆಟ್ಟಗೆ ನಿಂತೇ ಹೋದ. ಅಲ್ಲಿ ನೋಡಿದರೆ ಹಗ್ಗದ ಉಯ್ಯಾಲೆ, ಮೂಲೆಯಲ್ಲೊಂದು ನಾಯಿ. ಕೋಟು ಕಂಡ ಕೂಡಲೇ ಸ್ವಾಗತದ ಹುಡುಗಿ ಎದ್ದು ನಿಂತಳು, ಕಾಫಿ ತರಿಸಿದಳು, "ಅಕೌಂಟ್ಸ್‌ನವರು ಇವತ್ತು ರಜಾ ಸಾರ್" ಅಂದಳು. ಆದಾಯ ತೆರಿಗೆಯವನು ಎಂದುಕೊಂಡಿದ್ದಳು! ಕೊನೆಗೆ ಇಂಟರ್‌ವ್ಯೂ ಮಾಡಲು ಬಂದವನು ಮೊಣಕಾಲುದ್ದದ ಚಡ್ಡಿ, ಬಣ್ಣಗೆಟ್ಟ ಟೀ ಶರ್ಟಿನ ಹುಡುಗ. ಇವನನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲಿಂದ ಮದುವೆಗೆ ಹೋಗೋದಿದೆಯಾ ಬ್ರೋ?" ಎಂದು ಕೇಳಿದನಂತೆ.

ಈಗಲಾದರೂ ಮಾವ ಸೋಲುತ್ತಾರೆ ಎಂದು ನಾವೆಲ್ಲ ಕಾದು ಕೂತಿದ್ದೆವು. ಮಾವ ನಿಧಾನವಾಗಿ ನಶ್ಯ ಏರಿಸಿದರು. "ಅವನು ಚಡ್ಡೀಲಿ ಕೂತಿದ್ದ ಅಂದ್ರೆ ಏನರ್ಥ? ಅವನಿಗೆ ಕೆಲಸ ಇದೆ. ನಿನಗಿನ್ನೂ ಇಲ್ಲ. ಕೆಲಸ ಸಿಗೋವರೆಗೆ ಪ್ಯಾಂಟು ಕಣೋ, ಸಿಕ್ಕಮೇಲೆ ಚಡ್ಡಿ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ."

ಎಂಬಿಎ ಓದುವ ನನ್ನ ತಂಗಿ ಒಮ್ಮೆ ಅವರನ್ನು ವಿಜ್ಞಾನದಿಂದ ಹೊಡೆಯಲು ಹೋದಳು. ಥಾರ್ನ್‌ಡೈಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1920ರಲ್ಲೇ ತೋರಿಸಿಕೊಟ್ಟಿದ್ದಾನೆ ಮಾವ, ಸೈನ್ಯದ ಅಧಿಕಾರಿಗಳಿಗೆ ಒಬ್ಬನ ಮೈಕಟ್ಟು ಮೆಚ್ಚುಗೆಯಾದರೆ ಅವನ ಬುದ್ಧಿಗೂ ನಡತೆಗೂ ಒಳ್ಳೆಯ ಅಂಕವನ್ನೇ ಕೊಟ್ಟುಬಿಡುತ್ತಿದ್ದರು, ಇದು ನೋಡುವವರ ದೋಷ, ಇದಕ್ಕೆ ಹ್ಯಾಲೋ ಎಫೆಕ್ಟ್ ಅನ್ನುತ್ತಾರೆ ಎಂದಳು. ಮಾವನಿಗೆ ಹಬ್ಬವಾಯಿತು. "ನೋಡಿದ್ಯಾ! ನೂರು ವರ್ಷದ ಹಿಂದೆಯೇ ಗೊತ್ತಾಗಿದೆ. ಆದ್ರೂ ನಿಮ್ಮಣ್ಣ ಸಾಕ್ಸ್ ಇಲ್ದೆ ಹೊರಟಿದಾನೆ."

ಅವರ ಬದುಕಿನ ಕರಾಳ ದಿನ 2016ರ ಜನವರಿ 1. ಕೇಂದ್ರ ಸರ್ಕಾರ ಕೆಳಹಂತದ ಹುದ್ದೆಗಳಿಗೆ ಸಂದರ್ಶನವೇ ಬೇಡವೆಂದು ತೆಗೆದುಹಾಕಿದ್ದು ಅಂದಿನಿಂದ. ವಶೀಲಿ ತಪ್ಪುತ್ತದೆ, ಬಡವರ ಮಕ್ಕಳಿಗೆ ಒಳ್ಳೆಯದಾಗುತ್ತದೆ ಎಂದು ಬೀದಿಯೆಲ್ಲ ಸಂತೋಷಪಟ್ಟಿತು. ಮಾವನೂ ತಲೆಯಾಡಿಸಿದರು, ಆಮೇಲೆ ಬೀರು ತೆಗೆದು ಕೋಟನ್ನು ಒಮ್ಮೆ ಸವರಿದರು. ಈಗ ಅವರಿಗೆ ಯುಪಿಎಸ್‌ಸಿಯೊಂದೇ ಆಸರೆ. ಅಲ್ಲಿ ಒಟ್ಟು 2025 ಅಂಕಗಳಲ್ಲಿ 275 ಇನ್ನೂ ವ್ಯಕ್ತಿತ್ವ ಪರೀಕ್ಷೆಗೆ. "ಅದರಲ್ಲಿ 75 ಬೂಟಿಂದು" ಎಂದು ಮಾವ ತಾವೇ ಹಂಚಿಬಿಟ್ಟಿದ್ದಾರೆ.

ಕೋವಿಡ್ ಕಾಲದಲ್ಲಿ ಇಂಟರ್‌ವ್ಯೂ ಲ್ಯಾಪ್‌ಟಾಪಿಗೆ ಬಂತು. ಮೇಲೆ ಶರಟು, ಕೆಳಗೆ ಲುಂಗಿ ಸಾಕೆಂದು ಊರೇ ತೀರ್ಮಾನಿಸಿತು. ಮಾವ ಒಪ್ಪಲಿಲ್ಲ. ಪಕ್ಕದ ಮನೆಯ ಹುಡುಗನಿಗೆ ಬೂಟೂ ಆಗಬೇಕೆಂದರು. ಮನೆಯೊಳಗೆ, ಅದೂ ದೇವರ ಮನೆಯ ಪಕ್ಕದಲ್ಲಿ ಬೂಟೇ ಎಂದು ಅತ್ತೆ ಹೌಹಾರಿದರು. ಕೊನೆಗೆ ರಾಜಿಯಾಯಿತು: ಅಟ್ಟೆ ತೊಳೆದ ಬೂಟು, ಅದರ ಕೆಳಗೆ ಎರಡು ಹಾಳೆ ದಿನಪತ್ರಿಕೆ. ಹುಡುಗ ಮುಕ್ಕಾಲು ಗಂಟೆ ಕ್ರೀಡಾಪುಟದ ಮೇಲೆ ಕಾಲಿಟ್ಟು ಉತ್ತರ ಹೇಳಿದ.

"ಕಾಣದ ಬೂಟಿಗೆ ಯಾಕೆ ಮಾವ ಈ ಪಾಲಿಶು?" ಎಂದು ಅಂದು ಕೇಳಿಯೇ ಬಿಟ್ಟೆ. ಅವರು ಕಟ್ಟೆಯ ಮೇಲೆ ಕೂತು ಚೆರ್ರಿ ಬ್ಲಾಸಮ್ ಡಬ್ಬಿಯನ್ನು ನಾಣ್ಯದಿಂದ ಮೀಟಿ ತೆಗೆಯುತ್ತಿದ್ದರು. ಹಳೆಯ ಬನಿಯನ್ನಿನ ತುಂಡನ್ನು ಬೆರಳಿಗೆ ಸುತ್ತಿ, ಒಂದು ಹನಿ ನೀರು ತಾಗಿಸಿ, ಬೂಟಿನ ಮೂತಿಗೆ ಸಣ್ಣ ಸಣ್ಣ ಸುತ್ತು ಹಾಕುತ್ತಾ ಹೇಳಿದರು:

"ಒಂದ್ಸಲ ಕೋಲಾರದ ಕಡೆಯ ಹುಡುಗನೊಬ್ಬ ಬಂದಿದ್ದ. ಹವಾಯಿ ಚಪ್ಪಲಿ, ಅದರ ಬಾರೂ ಕಿತ್ತಿತ್ತು. ಮಾರ್ಕ್ಸ್ ಕಾರ್ಡ್ ಚಿನ್ನ ಕಣೋ. ಆದ್ರೆ ಕಾಲನ್ನ ಬೆಂಚಿನ ಕೆಳಗೆ ಬಚ್ಚಿಟ್ಕೊಳ್ಳೋದೇ ಅವನ ಕೆಲಸ ಆಗಿತ್ತು. ಹೆಸರು ಕೂಗಿದ್ರೆ ಏಳಲಿಲ್ಲ. ನನ್ನ ಬೂಟು ಬಿಚ್ಚಿ ಕೊಟ್ಟೆ. ಅವನು ಬರೋವರೆಗೆ ನಾನು ಮೇಜಿನ ಕೆಳಗೆ ಕಾಲು ಬಚ್ಚಿಟ್ಕೊಂಡು ಕೂತಿದ್ದೆ."

"ಕೆಲಸ ಸಿಕ್ತಾ?"

"ಬೂಟು ವಾಪಸ್ ಬಂತು. ಒಳಗೆಲ್ಲ ಒದ್ದೆ."

ಅಷ್ಟೇ ಹೇಳಿ ಎರಡನೇ ಬೂಟು ಎತ್ತಿಕೊಂಡರು. ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವರು ಮುಖಕ್ಕೆ ಚುಟ್ಟಿ ಇಟ್ಟುಕೊಳ್ಳುತ್ತಾ ಗಂಟೆಗಟ್ಟಲೆ ಕೂರುತ್ತಾರಲ್ಲ, ಎದ್ದು ನಿಲ್ಲುವಷ್ಟರಲ್ಲಿ ಮನೆ, ಸಾಲ, ಮಂಡಿನೋವು ಎಲ್ಲ ಮರೆತಿರುತ್ತದೆ. ಮಾವನ ಕಟ್ಟೆಯೂ ಅಂಥದ್ದೇ ಚೌಕಿ. ಒಳಗೆ ಏನು ಕೇಳುತ್ತಾರೋ ಅದು ನಮ್ಮ ಕೈಯಲ್ಲಿಲ್ಲ. ಬೆಲ್ಟಿನ ಬಣ್ಣ ನಮ್ಮ ಕೈಯಲ್ಲಿದೆ. ಹುಡುಗ ಅದನ್ನು ಹುಡುಕುತ್ತಿರುವಷ್ಟು ಹೊತ್ತು ಹೆದರುವುದಕ್ಕೆ ಪುರುಸೊತ್ತಿರುವುದಿಲ್ಲ.

ನನ್ನ ಇಂಟರ್‌ವ್ಯೂ ಮುಗಿದ ಸಂಜೆ ಕೋಟು ಹಿಂದಿರುಗಿಸಲು ಹೋದೆ. ಏನು ಕೇಳಿದರು, ಏನು ಹೇಳಿದೆ, ಒಂದನ್ನೂ ಮಾವ ವಿಚಾರಿಸಲಿಲ್ಲ. ಕಂಕುಳ ಬಳಿ ಅಸ್ತರಿಗೆ ಕೈಯಿಟ್ಟು ಒತ್ತಿ ನೋಡಿದರು. ನಂತರ ಒಳಗೆ ತಿರುಗಿ, "ಲೇ, ಇವನಿಗೊಂದು ಲೋಟ ಮಜ್ಜಿಗೆ ಕೊಡೇ" ಎಂದು ಕೂಗಿ, ಕೋಟನ್ನು ಒಳಮೈ ಹೊರಗಾಗಿ ತಿರುಗಿಸಿ ಹಿತ್ತಿಲ ತಂತಿಗೆ ಹಾಕಿದರು.

"ಒಣಗಲಿ. ನಾಡಿದ್ದು ಮೂಲೆಮನೆ ಹುಡುಗನಿಗೆ ಬೇಕಂತೆ."