ಲೋಕಲ್ ಆಧಾರಿಗೆ ರೂಮಿಲ್ಲ

ನಮ್ಮ ಶೇಷಾದ್ರಿಪುರಂನಲ್ಲಿ ‘ಹೋಟ್ಲಿಗೆ ಹೋಗೋಣ’ ಅಂದರೆ ಮಕ್ಕಳು ಚಪ್ಪಲಿ ಮೆಟ್ಟಿಕೊಂಡು ಮಸಾಲೆ ದೋಸೆಗೆ ರೆಡಿಯಾಗುತ್ತವೆ. ಮಲಗುವ ಜಾಗಕ್ಕೆ ಲಾಡ್ಜು ಅಂತ ಬೇರೆ ಹೆಸರಿದೆ. ಅದನ್ನು ಮನೆಯಲ್ಲಿ ಹಿರಿಯರ ಮುಂದೆ ಸ್ವಲ್ಪ ದನಿ ತಗ್ಗಿಸಿಯೇ ಹೇಳಬೇಕು. ಆನಂದರಾವ್ ಸರ್ಕಲ್ಲಿನಿಂದ ಗಾಂಧಿನಗರದ ಕಡೆಗೆ ಕಣ್ಣು ಹಾಯಿಸಿದರೆ ಬರೀ ಲಾಡ್ಜುಗಳೇ. ಅವುಗಳ ಮಗ್ಗುಲಲ್ಲೇ ಐವತ್ತು ವರ್ಷ ಕಳೆದರೂ ಒಂದರ ಹಾಸಿಗೆ ಮೆತ್ತಗಿದೆಯೋ ಗಟ್ಟಿಯೋ ಅಂತ ತಿಳಿಯದವನು ನಾನು. ತಿಳಿಯುವ ಯೋಗ ಬಂದದ್ದು 2025ರ ದಸರೆಯಲ್ಲಿ.

ತಪ್ಪು ಕ್ಯಾಲೆಂಡರಿನದು. ಆಯುಧಪೂಜೆ ಬುಧವಾರ, ವಿಜಯದಶಮಿ, ಗಾಂಧಿ ಜಯಂತಿ ಎರಡೂ ಗುರುವಾರ. ಶುಕ್ರವಾರಕ್ಕೆ ಒಂದು ರಜೆ ಚೀಟಿ ಬಿಸಾಕಿದರೆ ಐದು ದಿನ. ಈ ಲೆಕ್ಕ ನನ್ನೊಬ್ಬನಿಗೇ ಹೊಳೆದಿದೆ ಅಂದುಕೊಂಡು ಮಡಿಕೇರಿಯಲ್ಲಿ ರೂಮು ಹುಡುಕಲು ಕೂತೆ. ಮಿಕ್ಕ ಬೆಂಗಳೂರಿಗೆ ಅದು ಯುಗಾದಿಯ ದಿನವೇ ಹೊಳೆದಿತ್ತು.

ಮೊಬೈಲು ‘1,800ರಿಂದ ಶುರು’ ಅಂತ ತೋರಿಸಿತು. ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಅದೇ ರೂಮು 4,200 ಆಗಿತ್ತು. ಕೆಳಗೆ ಕೆಂಪಕ್ಷರದಲ್ಲಿ ಎಚ್ಚರಿಕೆ ಬೇರೆ: ಈ ರೂಮನ್ನು ಈಗ ಹದಿನಾಲ್ಕು ಜನ ನೋಡುತ್ತಿದ್ದಾರೆ. ನನ್ನ ಮದುವೆಗೆ ಹೆಣ್ಣು ನೋಡಲು ಹೋದಾಗಲೂ ನಾವು ಹದಿನಾಲ್ಕು ಜನ ಇರಲಿಲ್ಲ.

ಸರಿ, ಹೋಮ್‌ಸ್ಟೇ ನೋಡೋಣ ಅಂತ ಒಂದಕ್ಕೆ ಫೋನು ಮಾಡಿದೆ.

‘ತಲೆಗೆ ಮೂರೂವರೆ ಸಾವಿರ ಸಾರ್. ಊಟ ತಿಂಡಿ ಎಲ್ಲ ಸೇರಿ. ಕ್ಯಾಂಪ್ ಫೈರ್ ಬೇರೆ.’

‘ನಮ್ಮತ್ತೆ ಬರ್ತಾರೆ. ವಯಸ್ಸಾಗಿದೆ, ರಾತ್ರಿ ಒಂದು ಹಿಡಿ ಅವಲಕ್ಕಿ, ಹಾಲು ಅಷ್ಟೇ.’

‘ತಲೆ ಅಂದ್ರೆ ತಲೆ ಸಾರ್.’

ನಾಲ್ಕು ತಲೆಗೆ ಹದಿನಾಲ್ಕು ಸಾವಿರ, ಅದೂ ಒಂದು ರಾತ್ರಿಗೆ. ಕೊಡುವುದೇನು ಅಂದರೆ ಅವರ ಮನೆಯ ಜಗಲಿ, ಅವರ ಮನೆಯ ಅಕ್ಕಿ ರೊಟ್ಟಿ, ಅವರ ಮನೆಯ ನಾಯಿ. ನಾನು ಚಿಕ್ಕವನಿದ್ದಾಗ ತಿಪಟೂರು, ಅರಸೀಕೆರೆ ಕಡೆಯಿಂದ ಪ್ಯಾಸೆಂಜರ್ ರೈಲಿನಲ್ಲಿ ಬಂದಿಳಿದ ನೆಂಟರು ಸ್ಟೇಷನ್ನಿನಿಂದ ನೇರ ನಡೆದು ಬಂದು ನಮ್ಮ ಹಾಲಿನಲ್ಲಿ ಚಾಪೆ ಬಿಡಿಸುತ್ತಿದ್ದರು. ಒಬ್ಬರಿಗೆ ವಿಕ್ಟೋರಿಯಾ ಆಸ್ಪತ್ರೆ, ಒಬ್ಬರಿಗೆ ವಿಧಾನಸೌಧದಲ್ಲಿ ಫೈಲು, ಇನ್ನೊಬ್ಬರಿಗೆ ಏನೂ ಕೆಲಸವಿಲ್ಲ, ಸುಮ್ಮನೆ ಬೆಂಗಳೂರು. ನಡೆಸುತ್ತಿರುವುದು ಹೋಮ್‌ಸ್ಟೇ ಅಂತ ಅವತ್ತೇ ತಿಳಿದು ತಲೆ ಎಣಿಸಿ ವಸೂಲು ಮಾಡಿದ್ದರೆ ನಮ್ಮಪ್ಪ ಸದಾಶಿವನಗರದಲ್ಲಿ ಸೈಟು ಮಾಡಿರುತ್ತಿದ್ದರು.

ತೆರಿಗೆ ಇಳಿದಿದೆಯಲ್ಲ ಅನ್ನುವ ಧೈರ್ಯವೊಂದಿತ್ತು. ಈ ರೂಮಿನ ತೆರಿಗೆಯದೂ ಒಂದು ಪುರಾಣ. ಜಿಎಸ್‌ಟಿ ಬಂದ ಹೊಸದರಲ್ಲಿ ದಿನಕ್ಕೆ ಸಾವಿರದೊಳಗಿನ ರೂಮಿಗೆ ತೆರಿಗೆಯೇ ಇರಲಿಲ್ಲ. ಬಡವ ಅಲ್ಲಿ ಹಾಯಾಗಿ ಗೊರಕೆ ಹೊಡೆಯುತ್ತಿರುವುದು ಡೆಲ್ಲಿಯವರೆಗೆ ಕೇಳಿಸಿರಬೇಕು, 2022ರ ಜುಲೈನಲ್ಲಿ ಅದಕ್ಕೂ ಶೇ. 12 ಹಾಕಿದರು. ಆಮೇಲೆ ಮನಸ್ಸು ಕರಗಿ, 2025ರ ಸೆಪ್ಟೆಂಬರ್ 22ರಂದು, ಸರಿಯಾಗಿ ನವರಾತ್ರಿಯ ಮೊದಲ ದಿನ, 7,500ರವರೆಗಿನ ರೂಮಿಗೆ ಶೇ. 5ಕ್ಕೆ ಇಳಿಸಿದರು. ಇದನ್ನು ಹೋಮ್‌ಸ್ಟೇಯವನಿಗೆ ನೆನಪಿಸಿದೆ. ‘ಹೌದು ಸಾರ್, ಟ್ಯಾಕ್ಸು ಇಳಿದಿದೆ. ದಸರಾ ಅಂತ ರೇಟು ಏರಿದೆ’ ಅಂದ. ಎರಡೂ ಕೂಡಿ ಕಳೆದರೆ ಎಲ್ಲಿಗೆ ಬಂತಪ್ಪಾ ಅಂತ ಕೇಳುವುದರೊಳಗೆ ಫೋನು ಇಟ್ಟಿದ್ದ.

‘ಬೆಟ್ಟ ಗಿಟ್ಟ ಏನೂ ಬೇಡ ಕಣ್ರೀ’ ಅಂದಳು ಹೆಂಡತಿ. ‘ಇನ್ನೊಬ್ಬರು ಹಾಸಿಕೊಟ್ಟ ಹಾಸಿಗೆ ಮೇಲೆ ಒಂದು ರಾತ್ರಿ ಮಲಗಿ, ಬೆಳಿಗ್ಗೆ ಇನ್ನೊಬ್ಬರು ತಂದುಕೊಟ್ಟ ಕಾಫಿ ಕುಡಿದರೆ ನನಗೆ ಸಾಕು. ಅದಕ್ಕೆ ಮಡಿಕೇರಿಯೇ ಯಾಕೆ?’ ಇಪ್ಪತ್ತಾರು ವರ್ಷದಿಂದ ಹಾಸಿಗೆ ಹಾಸುತ್ತಿರುವವರು ಯಾರು ಅನ್ನುವ ಕಡೆಗೆ ಮಾತು ಹೊರಳುವ ಮೊದಲೇ ಒಪ್ಪಿಕೊಂಡೆ.

ಗಾಂಧಿ ಜಯಂತಿಯ ಸಂಜೆ ಬ್ಯಾಗು ಹಿಡಿದು ಹೊರಟೆವು. ‘ಯಾವೂರಿಗೆ?’ ಅಂತ ಕೇಳಿದ ಎದುರುಮನೆಯವರಿಗೆ ‘ಇಲ್ಲೇ’ ಅಂದೆ. ಸುಳ್ಳು ಹೇಳಿದೆ ಅಂತ ಅವರು ಬೇಜಾರು ಮಾಡಿಕೊಂಡರು. ಎರಡು ರಸ್ತೆ ದಾಟಿದರೆ ಲಾಡ್ಜು. ಕೌಂಟರಿನಲ್ಲಿ ಆಯುಧಪೂಜೆಯ ಕಳೆ ಇನ್ನೂ ಆರಿರಲಿಲ್ಲ. ಕಂಪ್ಯೂಟರಿನ ಹಣೆಗೆ ವಿಭೂತಿ ಕುಂಕುಮ, ಸ್ವೈಪ್ ಮೆಷೀನಿಗೆ ಒಂದು ಮೊಳ ಸೇವಂತಿಗೆ. ಹಿಂದಿನ ದಿನದ ಬೂದುಗುಂಬಳದ ಚೂರೊಂದು ಬಾಗಿಲ ಬಳಿ ನನ್ನ ಚಪ್ಪಲಿಗೆ ಅಂಟಿತು. ಕೌಂಟರಿನ ಹುಡುಗ ನನ್ನ ಆಧಾರ್ ಕಾರ್ಡನ್ನು ತಿರುಗಿಸಿ ನೋಡಿದ.

‘ಅಡ್ರೆಸ್ಸು ಶೇಷಾದ್ರಿಪುರಂ ಅಂತಿದೆ?’

‘ಹೌದಪ್ಪ, ಇಲ್ಲೇ ಹಿಂದುಗಡೆ.’

‘ಲೋಕಲ್ ಆಧಾರಿಗೆ ರೂಮು ಕೊಡಲ್ಲ ಸಾರ್. ಪೊಲೀಸ್ ಪ್ರಾಬ್ಲಮ್ಮು.’

‘ಇವರು ನನ್ನ ಹೆಂಡ್ತಿ.’

‘ಅದು ಗೊತ್ತಾಯ್ತು ಸಾರ್, ಮೆಟ್ಲು ಹತ್ತುವಾಗ ಜಗಳ ಕೇಳಿಸ್ತು. ಆದ್ರೆ ಲೋಕಲ್.’

ಊರಿನವನಿಗೆ ಊರಿನಲ್ಲಿ ರೂಮು ಕೊಡಬಾರದು ಅನ್ನುವ ಕಾನೂನನ್ನು ನಾನಂತೂ ಯಾವ ಪುಸ್ತಕದಲ್ಲೂ ಕಂಡಿಲ್ಲ. ಆದರೆ ಕೌಂಟರಿನ ಕಾನೂನು ಪುಸ್ತಕದಲ್ಲಿ ಇರುವುದಿಲ್ಲ. ಒಂಟಿಯಾಗಿ ಬಂದರೆ ಅನುಮಾನ, ಜೋಡಿಯಾಗಿ ಬಂದರೆ ಇನ್ನೂ ದೊಡ್ಡ ಅನುಮಾನ. ವಿದೇಶದವನು ಬಂದರೆ ಒಂದು ಫಾರಂ ತುಂಬಿ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಿದರೆ ಮುಗಿಯಿತು. ಶೇಷಾದ್ರಿಪುರಂನವನಿಗೆ ತುಂಬಲು ಯಾವ ಫಾರಮ್ಮೂ ಇಲ್ಲ.

ಅಲ್ಲೇ ಸೋಫಾದ ಮೇಲೆ ಕೂತು ಯೋಚಿಸಿದೆ. ಈ ಬಡಾವಣೆಗೆ ಯಾರ ಹೆಸರಿದೆಯೋ ಆ ಶೇಷಾದ್ರಿ ಅಯ್ಯರ್ ಪಾಲಕ್ಕಾಡು ಕಡೆಯವರು. 1883ರಿಂದ 1901ರವರೆಗೆ ಮೈಸೂರಿನ ದಿವಾನಗಿರಿ ಮಾಡಿದರು. ಎದುರಿನ ರೈಲ್ವೆ ಸ್ಟೇಷನ್ನಿನ ಹತ್ತಿರ 1903ರಲ್ಲಿ ಛತ್ರ ಕಟ್ಟಿಸಿದ ತೋಟದಪ್ಪನವರು ಗುಬ್ಬಿಯವರು. 1927ರಲ್ಲಿ ಮೈಗೆ ಹುಷಾರಿಲ್ಲದೆ ನಂದಿ ಬೆಟ್ಟದಿಂದ ಇಳಿದು ಬಂದು ವಾರಗಟ್ಟಲೆ ಕುಮಾರಕೃಪದಲ್ಲಿ ಉಳಿದ ಗಾಂಧೀಜಿ ಗುಜರಾತಿನವರು. ಮೂವರಲ್ಲಿ ಯಾರು ಇವತ್ತು ಬಂದು ನಿಂತರೂ ಈ ಹುಡುಗ ಬೀಗದ ಕೈ ಎತ್ತಿ ಕೊಡುತ್ತಾನೆ. ಮೂವರೂ ಹೊರಗಿನವರು, ಅಡ್ರೆಸ್ಸು ಪಕ್ಕಾ.

ಅಂದ ಹಾಗೆ, ಆ ಕುಮಾರಕೃಪ ಇದೇ ಅಯ್ಯರ್ ಕಟ್ಟಿಸಿದ ಮನೆ. ಈಗ ಸರ್ಕಾರಿ ಅತಿಥಿಗೃಹ. ನಮ್ಮ ಮನೆಯಿಂದ ಶಿವಾನಂದ ಸರ್ಕಲ್ ದಾಟಿದರೆ ಆಯಿತು, ಬೆಂಗಳೂರಿನಲ್ಲಿ ಅದಕ್ಕಿಂತ ಅಗ್ಗದಲ್ಲಿ ಅಷ್ಟು ಮರಗಳ ನೆರಳು ಸಿಗಲಿಕ್ಕಿಲ್ಲ. ಆದರೆ ಅಲ್ಲಿಗೆ ಆಧಾರ್ ಸಾಲದು. ಚುನಾವಣೆಯಲ್ಲಿ ಗೆದ್ದಿರಬೇಕು, ಇಲ್ಲವೇ ಸೋತು ಯಾವುದಾದರೂ ನಿಗಮಕ್ಕೆ ಅಧ್ಯಕ್ಷರಾಗಿರಬೇಕು.

‘ನಂದು ತಿಪಟೂರಿಂದಿದೆ. ಆಗತ್ತೇನಪ್ಪಾ?’

ಅತ್ತೆ. ಅಡ್ರೆಸ್ಸು ಬದಲಾಯಿಸಿಕೊಳ್ಳಿ ಅಂತ ಹತ್ತು ವರ್ಷದಿಂದ ನಾನು ಅವರ ಬೆನ್ನು ಹತ್ತಿದ್ದೇನೆ. ಪಿಂಚಣಿ ಅಲ್ಲಿದೆ, ರೇಷನ್ನು ಅಲ್ಲಿದೆ, ನಾಳೆ ನಿಮಗೂ ನನಗೂ ಆಗದೆ ಹೋದರೆ ಹೋಗುವುದೂ ಅಲ್ಲಿಗೇ ಅಂತ ಅವರು ಜಗ್ಗಿಲ್ಲ. ಸೆರಗಿನ ಗಂಟಿನಿಂದ ಕಾರ್ಡು ತೆಗೆದುಕೊಟ್ಟರು. ಹುಡುಗನ ಮುಖ ಅರಳಿತು.

‘ಇದು ಸರಿಹೋಯ್ತು ನೋಡಿ. ಅಮ್ಮನ ಹೆಸರಲ್ಲಿ ರೂಮು, ನೀವು ಅವರ ಜೊತೆ ಬಂದವರು.’

ಉದ್ದನೆಯ ರಿಜಿಸ್ಟರು ಬಂತು. ಹೆಸರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಬಂದ ಉದ್ದೇಶ. ಅತ್ತೆ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ತೀಡಿ ಬರೆದರು. ಎಲ್ಲಿಂದ: ತಿಪಟೂರು. ಎಲ್ಲಿಗೆ: ಶೇಷಾದ್ರಿಪುರಂ. ಉದ್ದೇಶ: ಮಗಳ ಮನೆಗೆ ಬಂದದ್ದು.

ಹುಡುಗ ಅದನ್ನು ಓದಿದ. ತಲೆ ಎತ್ತಿ ನನ್ನನ್ನು ಒಂದು ಥರ ನೋಡಿದ.

‘ಹಂಗಾದ್ರೆ ಮಗಳ ಮನೇಲಿ ಜಾಗ ಕೊಡ್ಲಿಲ್ವಾ ಅಮ್ಮಾ?’

ಅತ್ತೆ ಮಾತಾಡಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಒಂದು ನಿಟ್ಟುಸಿರು ಬಿಟ್ಟರು. ಹುಡುಗ ಬಿಲ್ಲಿನಲ್ಲಿ ನೂರು ರೂಪಾಯಿ ಹೊಡೆದುಹಾಕಿದ. ಆ ದಸರೆಯಲ್ಲಿ ನನ್ನ ಕಣ್ಣೆದುರು ಇಳಿದ ರೇಟು ಅದೊಂದೇ.