ಹೂಂ ಎನ್ನುವ ಬೆರಳು

ಫ್ಲ್ಯಾಶ್ ಪ್ಲೇಯರ್ ಕಾಲದಲ್ಲಿ ಜಾಲತಾಣವೊಂದಕ್ಕೆ ಕ್ಯಾಮೆರಾದಲ್ಲಿ ಮುಖ ತೋರಿಸುವುದೆಂದರೆ ತಪಸ್ಸು. ಪ್ಲಗಿನ್ ಇಳಿಸಿಕೊಳ್ಳಬೇಕು, ಹಳತಾಯಿತೆಂದು ಮತ್ತೆ ಇಳಿಸಿಕೊಳ್ಳಬೇಕು, ಬ್ರೌಸರ್ ಮುಚ್ಚಿ ತೆರೆಯಬೇಕು. ಅಷ್ಟರಲ್ಲಿ ಮುಖ ತೋರಿಸುವ ಆಸೆಯೇ ಬತ್ತಿರುತ್ತಿತ್ತು. ನಮ್ಮ ಮಾನ ಉಳಿಸಿದ್ದು ಆ ರಗಳೆಯೇ. ಪೂರ್ತಿ ಉಳಿಸಿತೆಂದಲ್ಲ: ಆಟದ ಗುಂಡಿಗಳ ಮೇಲೆ ಫ್ಲ್ಯಾಶ್‌ನ ಸೆಟ್ಟಿಂಗ್ಸ್ ಪುಟವನ್ನು ಕಾಣದಂತೆ ಹೊದಿಸಿ, ಆಡುವವನ ಕೈಯಿಂದಲೇ ಕ್ಯಾಮೆರಾ ಆನ್ ಮಾಡಿಸಬಹುದೆಂದು 2008ರಲ್ಲೇ ಬಲ್ಲವರು ತೋರಿಸಿದ್ದರು.

2012ರಲ್ಲಿ ಕ್ರೋಮ್, ಒಪೆರಾಗಳು ಈ ದಲ್ಲಾಳಿಯ ಹಂಗು ತಪ್ಪಿಸಿದವು. ಗೆಟ್‌ಯೂಸರ್‌ಮೀಡಿಯಾ ಎಂದು ಪುಟವೇ ಕೇಳುತ್ತದೆ. ಬ್ರೌಸರ್ ಮೂಲೆಯಲ್ಲೊಂದು ಪುಟ್ಟ ಚೌಕ ತೆರೆದು, ಕ್ಯಾಮೆರಾ ಕೊಡಲೇ ಬೇಡವೇ ಎಂದು ನಮ್ಮ ಅಪ್ಪಣೆಗೆ ಕಾಯುತ್ತದೆ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ಗೆ ಎಳ್ಳುನೀರೂ ಬಿಟ್ಟಿತು. ಈಗ ಬಾಗಿಲು ಕಾಯುವವರು ನಾವೇ. ಬಂದವನು ಯಾರೆಂದು ನೋಡುವ ಮೊದಲೇ ಹೂಂ ಎಂದಿರುತ್ತೇವೆ.

ಆ ಒಂದು ಹೂಂ ಕೂಡ ಕೆಲವರಿಗೆ ಹೆಚ್ಚಾಯಿತು. 'ಜೂಮ್ ತೆರೆಯಲೇ?' ಎಂದು ಸಫಾರಿ ಬ್ರೌಸರ್ ಕೇಳತೊಡಗಿದ್ದೇ ತಡ, ಗ್ರಾಹಕರ ಬೆರಳು ಸವೆದೀತೆಂದು ಮರುಗಿದ, ವಿಡಿಯೊ ಸಭೆ ನಡೆಸಿಕೊಡುವ ಜೂಮ್ ಕಂಪನಿ ಮ್ಯಾಕ್ ಕಂಪ್ಯೂಟರುಗಳಲ್ಲಿ ಸದ್ದಿಲ್ಲದೆ ಕೂರಿಸಿದ್ದ ಪುಟ್ಟ ವೆಬ್ ಸರ್ವರಿನ ಮೂಲಕ ಆ ಪ್ರಶ್ನೆಯನ್ನೇ ದಾಟಿಸಿಬಿಟ್ಟಿತು. ಕಿಡಿಗೇಡಿಯೊಬ್ಬ ಹೆಣೆದ ಪುಟಕ್ಕೆ ಹೋದರೆ ಸಾಕು, ಸೆಟ್ಟಿಂಗ್ ಬದಲಿಸದವರು ಕ್ಯಾಮೆರಾ ಸಮೇತ ಅವನ ಸಭೆಗೆ ಹಾಜರ್! ಜೂಮ್ ಅಳಿಸಿದರೂ ಸರ್ವರ್ ಮಾತ್ರ ಜಗ್ಗದೆ ಕೂತು, ಅಳಿಸಿದ್ದನ್ನು ಮತ್ತೆ ಕರೆತರಬಲ್ಲದಾಗಿತ್ತು. 2019ರ ಜುಲೈನಲ್ಲಿ ಗುಟ್ಟು ರಟ್ಟಾದಾಗ ಆಪಲ್ ತಾನೇ ಅಪ್‌ಡೇಟ್ ಕಳಿಸಿ ಅದನ್ನು ಕಿತ್ತೆಸೆಯಬೇಕಾಯಿತು. ಇದೆಲ್ಲ ನಮಗೊಂದು ಕ್ಲಿಕ್ ಉಳಿಸಲಿಕ್ಕೆ. ಇಂಥ ಕಳಕಳಿ ಹೆತ್ತವರಲ್ಲೂ ಅಪರೂಪ.

ನಾವೋ, ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಕಂಡರೆ ನಿಶ್ಚಿಂತರು. ಅದಿಲ್ಲದ ತಾಣಕ್ಕೆ ಕ್ರೋಮ್ 2015ರ ಕೊನೆಯಿಂದ ಕ್ಯಾಮೆರಾ ಕೊಡುವುದಿಲ್ಲ, ನಿಜ. ಆದರೆ ಎಚ್‌ಟಿಟಿಪಿಎಸ್ ಕಾಯುವುದು ದಾರಿಯನ್ನು. ದಾರಿಯ ಕೊನೆಯಲ್ಲಿ ಕೂತವನ ನಡತೆಗೆ ಅದರ ಜಾಮೀನಿಲ್ಲ. ಅದಕ್ಕೆ ಬೇಕಾದ ಸರ್ಟಿಫಿಕೇಟು ಕಳ್ಳನಿಗೂ ಪುಕ್ಕಟೆ ಸಿಗುತ್ತದೆ. 2016ರಲ್ಲಿ ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಹಾಕಿದ ಫೋಟೊವೊಂದರಲ್ಲಿ ಅವರ ಮೇಜಿನ ಲ್ಯಾಪ್‌ಟಾಪ್ ಕ್ಯಾಮೆರಾಕ್ಕೆ ಟೇಪ್ ಮೆತ್ತಿದ್ದು ಕಂಡಿತು. ಲೋಕದ ಮುಖಗಳನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದಾತನಿಗೆ ತನ್ನ ಮುಖದ ಬೆಲೆ ಗೊತ್ತಿದೆ.

ಕ್ಯಾಮೆರಾ ಅನುಮತಿ ಪಡೆದ ತಾಣಗಳ ಪಟ್ಟಿ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲೇ ಇದೆ. ಇವತ್ತೇ ತೆರೆದು ನೋಡಿ, ಗುರುತು ಹತ್ತದವನ್ನು ಅಳಿಸಿ.